ಹಳೆಯ ಡ್ರೆಸ್ಸಿಂಗ್ ಕೇಸ್ ಮತ್ತು ವ್ಯಾನಿಟಿ ಪೆಟ್ಟಿಗೆ: ಗುರುತು ಹಿಡಿಯುವುದು, ಬೆಲೆ ಕಟ್ಟುವುದು – ಪದೇ ಪದೇ ಕೇಳುವ ಪ್ರಶ್ನೆಗಳು

ಡ್ರೆಸ್ಸಿಂಗ್ ಕೇಸ್ ಎಂದರೆ ನಿಖರವಾಗಿ ಯಾವುದು? ವ್ಯಾನಿಟಿ ಬಾಕ್ಸ್ ಅದೇ ಅಲ್ಲವೇ?

ಡ್ರೆಸ್ಸಿಂಗ್ ಕೇಸ್ ಎಂದರೆ ಸಿಂಗಾರಕ್ಕೆ ಬೇಕಾದ ಸೀಸೆ, ಡಬ್ಬಿ, ಉಪಕರಣಗಳನ್ನು ಪ್ರಯಾಣದಲ್ಲಿ ಒಯ್ಯಲು ಮಾಡಿದ ಮರದ ಪೆಟ್ಟಿಗೆ. 18ನೇ ಶತಮಾನದ ಕೊನೆಯಿಂದ 19ನೇ ಶತಮಾನದ ಕೊನೆಯವರೆಗೆ ಇಂಗ್ಲೆಂಡ್ ಮತ್ತು ಫ್ರಾನ್ಸ್‌ನ ಸಿರಿವಂತರ ಮನೆಗಳಲ್ಲಿ ಇದ್ದದ್ದು ಇದೇ. ಮೊದಮೊದಲು ಗಂಡಸರಿಗಾಗಿ ಮಾಡುತ್ತಿದ್ದರು: ಕ್ಷೌರದ ಕತ್ತಿ, ಅದನ್ನು ಮಸೆಯುವ ಚರ್ಮದ ಪಟ್ಟಿ, ಸಾಬೂನಿನ ಡಬ್ಬಿ, ಹಲ್ಲುಪುಡಿಯ ಡಬ್ಬಿ. 19ನೇ ಶತಮಾನದ ನಡುವಿನ ಹೊತ್ತಿಗೆ ಹೆಂಗಸರ ಪೆಟ್ಟಿಗೆಗಳೇ ಹೆಚ್ಚು ಆಡಂಬರದವಾದವು.

ವ್ಯಾನಿಟಿ ಬಾಕ್ಸ್ ಎಂಬ ಮಾತು ಸಡಿಲ. ಮಾರುವವರು ಮೇಲಿನ ಮರದ ಪೆಟ್ಟಿಗೆಗೂ ಹಾಗೆನ್ನುತ್ತಾರೆ. 1900ರ ನಂತರದ ಚರ್ಮದ ಸೂಟ್‌ಕೇಸಿಗೂ ಅದೇ ಹೆಸರು, 1920ರ ದಶಕದ ಅಂಗೈಯಗಲದ ಪೌಡರ್-ಲಿಪ್‌ಸ್ಟಿಕ್ ಡಬ್ಬಿಗೂ ಅದೇ ಹೆಸರು. ಮೂರಕ್ಕೂ ಕೊಳ್ಳುವವರು ಬೇರೆ, ಬೆಲೆಯ ಲೆಕ್ಕವೂ ಬೇರೆ. ಆದ್ದರಿಂದ ನಿಮ್ಮದು ಯಾವುದೆಂದು ಮೊದಲೇ ತೀರ್ಮಾನಿಸಿಕೊಳ್ಳಿ. ಇಲ್ಲಿನ ಬಹುಪಾಲು ಉತ್ತರಗಳು ಮರದ ಪೆಟ್ಟಿಗೆಗಳಿಗೆ ಸಂಬಂಧಿಸಿದವು.

ಒಳಗೆ ಏನೂ ಇಲ್ಲದ ಪೆಟ್ಟಿಗೆ ಸಿಕ್ಕಿದೆ. ಅದು ಡ್ರೆಸ್ಸಿಂಗ್ ಕೇಸೋ, ಬರೆಯುವ ಪೆಟ್ಟಿಗೆಯೋ?

ಮುಚ್ಚಳದ ಸೀಳು ನೋಡಿ. ಓರೆಯಾಗಿ ತೆರೆದುಕೊಂಡು ಇಳಿಜಾರು ಹಲಗೆಯಾದರೆ ಅದು ಬರೆಯುವ ಪೆಟ್ಟಿಗೆ. ಒಳಗೆ ಸೀಸದ ತಗಡಿನ ಅಸ್ತರಿದ್ದು ಎರಡು ಗೂಡುಗಳಿದ್ದರೆ ಟೀ ಪೆಟ್ಟಿಗೆ. ನೂಲಿನ ಉಂಡೆಗೆ, ಸೂಜಿಮೆತ್ತೆಗೆ ಸಣ್ಣ ಸಣ್ಣ ಮನೆಗಳ ಟ್ರೇ ಇದ್ದರೆ ಹೊಲಿಗೆ ಪೆಟ್ಟಿಗೆ. ಡ್ರೆಸ್ಸಿಂಗ್ ಕೇಸಿನ ಗುರುತು ಮೂರು: ಮುಚ್ಚಳದೊಳಗೆ ತೆಗೆಯಬಹುದಾದ ಕನ್ನಡಿ, ಸೀಸೆಗಳು ಕೂರಲು ಗುಂಡು ಹಾಗೂ ಚೌಕ ಗುಂಡಿಗಳಿರುವ ಮಖಮಲ್ಲಿನ ಹಾಸು, ತಳದಲ್ಲಿ ಹಿಡಿಯೇ ಇಲ್ಲದ ಒಡವೆ ಡ್ರಾಯರ್. ಗುಂಡಿಗಳನ್ನೆಲ್ಲ ಕಿತ್ತು ಬರೀ ಬಟ್ಟೆ ಹೊದಿಸಿ ‘ಒಡವೆ ಪೆಟ್ಟಿಗೆ’ ಎಂದು ಮಾರುವುದು ಮಾಮೂಲು. ಅಂಥದ್ದರಲ್ಲಿ ಕನ್ನಡಿಯ ಕೊಕ್ಕೆಯ ಗುರುತಾದರೂ ಮುಚ್ಚಳದ ಅಂಚಿನಲ್ಲಿ ಉಳಿದಿರುತ್ತದೆ.

ಕೈಗೆ ಬಂದ ಪೆಟ್ಟಿಗೆಯನ್ನು ಯಾವ ಕ್ರಮದಲ್ಲಿ ಪರೀಕ್ಷಿಸಬೇಕು?

ಹೆಚ್ಚಿನವರು ಮರ ನೋಡಿ ಮರುಳಾಗುತ್ತಾರೆ. ಮರ ಕೊನೆಗಿರಲಿ. ಬೆಲೆಯನ್ನು ನಿರ್ಧರಿಸುವುದು ಒಂದೇ ಪ್ರಶ್ನೆ: ಈ ಪೆಟ್ಟಿಗೆಯೂ ಇದರೊಳಗಿರುವ ವಸ್ತುಗಳೂ ಒಟ್ಟಿಗೆ ಹುಟ್ಟಿದವೇ? ಆ ಉತ್ತರ ಇರುವುದು ಸೀಸೆಗಳ ಮುಚ್ಚಳಗಳಲ್ಲಿ.

ಮೆತ್ತನೆ ಬಟ್ಟೆ ಹಾಸಿ. ಏನನ್ನೂ ಮುಟ್ಟುವ ಮೊದಲು ತೆರೆದ ಪೆಟ್ಟಿಗೆಯ ಫೋಟೊ ತೆಗೆಯಿರಿ. ಯಾವ ಸೀಸೆ ಯಾವ ಗುಂಡಿಯಲ್ಲಿತ್ತು ಎಂಬುದು ಆಮೇಲೆ ನೆನಪಿರುವುದಿಲ್ಲ. ಸೀಸೆಗಳನ್ನು ಮುಚ್ಚಳ ಹಿಡಿದು ಎತ್ತಬೇಡಿ, ಗಾಜಿನ ಮೈ ಹಿಡಿಯಿರಿ. ಎಲ್ಲವನ್ನೂ ಅದೇ ಸಾಲಿನಲ್ಲಿ ಬಟ್ಟೆಯ ಮೇಲಿಡಿ. 10 ಪಟ್ಟು ಹಿಗ್ಗಿಸುವ ಭೂತಗನ್ನಡಿಯಿಂದ ಪ್ರತಿ ಮುಚ್ಚಳದ ಮೇಲೆ ಒತ್ತಿದ ಬೆಳ್ಳಿಯ ಮುದ್ರೆ ಓದಿ, ಒಂದು ಕಾಗದದಲ್ಲಿ ಬರೆದುಕೊಳ್ಳಿ: ತಯಾರಕರ ಅಕ್ಷರ, ಮುದ್ರೆ ಹೊಡೆದ ವರ್ಷ ಸೂಚಿಸುವ ಅಕ್ಷರ, ಊರಿನ ಗುರುತು, ಕೆತ್ತಿದ ಹೆಸರಿನ ಅಕ್ಷರಗಳು. ನಾಲ್ಕು ಕಾಲಮ್ಮಿನ ಈ ಪಟ್ಟಿಯೇ ಅರ್ಧ ಮೌಲ್ಯಮಾಪನ. ಆಮೇಲೆ ಬೀಗ, ಚರ್ಮದ ಅಂಚಿನ ಮೇಲಿನ ಚಿನ್ನದ ಅಚ್ಚು, ಕನ್ನಡಿ, ಅಸ್ತರು, ಕೊನೆಗೆ ಮರ.

ಇಂಗ್ಲಿಷ್ ಬೆಳ್ಳಿಯ ಮುದ್ರೆಗಳನ್ನು ಓದುವುದು ಹೇಗೆ?

ನಡೆಯುವ ಸಿಂಹ ಇದ್ದರೆ ಅದು ಸ್ಟರ್ಲಿಂಗ್, ಅಂದರೆ ಸಾವಿರದಲ್ಲಿ 925 ಭಾಗ ಶುದ್ಧ ಬೆಳ್ಳಿ. ಚಿರತೆಯ ಮುಖ ಲಂಡನ್ನಿನದು, ಲಂಗರು ಬರ್ಮಿಂಗ್‌ಹ್ಯಾಮಿನದು, ಆ ಕಾಲದ ಷೆಫೀಲ್ಡ್‌ನದು ಕಿರೀಟ. ಲಂಡನ್ನಿನ ಚಿರತೆಯ ತಲೆಯ ಮೇಲೆ ಕಿರೀಟವಿದ್ದರೆ ಅದು 1821ಕ್ಕೆ ಮುಂಚಿನದು. ಆ ವರ್ಷ ಕಿರೀಟವನ್ನು ತೆಗೆದರು.

ರಾಜ ಅಥವಾ ರಾಣಿಯ ತಲೆಯ ಮುದ್ರೆ ತೆರಿಗೆ ಕಟ್ಟಿದ ಗುರುತು. ಅದು 1784ರಿಂದ 1890ರವರೆಗೆ ಮಾತ್ರ ಇತ್ತು. ವಿಕ್ಟೋರಿಯಾಳ ತಲೆ ಎಡಕ್ಕೆ ನೋಡುತ್ತದೆ. ಉಳಿದ ಮುದ್ರೆಗಳೆಲ್ಲ ಪೂರ್ತಿ ಇದ್ದು ತಲೆ ಮಾತ್ರ ಇಲ್ಲದಿದ್ದರೆ 1890ರ ನಂತರದ್ದಿರಬಹುದು.

ವರ್ಷದ ಅಕ್ಷರದಲ್ಲಿ ಎಡವುವವರೇ ಹೆಚ್ಚು. ಲಂಡನ್ನಿನಲ್ಲಿ ಒಂದು ಸುತ್ತಿನಲ್ಲಿ 20 ಅಕ್ಷರ: ‘ಎ’ಯಿಂದ ‘ಯು’ವರೆಗೆ, ನಡುವೆ ‘ಜೆ’ ಇಲ್ಲ. ಡ್ರೆಸ್ಸಿಂಗ್ ಕೇಸಿನ ಮಟ್ಟಿಗೆ ಮುಖ್ಯವಾದ ಸುತ್ತುಗಳು 1836, 1856, 1876 ಮತ್ತು 1896ರಲ್ಲಿ ‘ಎ’ಯಿಂದ ಶುರುವಾಗುತ್ತವೆ. ಅಕ್ಷರ ಒಂದೇ ಇದ್ದರೂ ಲಿಪಿಯ ಶೈಲಿ ಮತ್ತು ಅದರ ಸುತ್ತಲಿನ ಚೌಕಟ್ಟಿನ ಆಕಾರ ಬೇರೆ. ಬರೀ ಅಕ್ಷರ ನೋಡಿ ವರ್ಷ ಹೇಳಿದರೆ 20 ವರ್ಷ ತಪ್ಪುವುದು ಖಾತ್ರಿ. ಅಕ್ಷರ ಬದಲಾಗುತ್ತಿದ್ದದ್ದು ವರ್ಷದ ನಡುವೆ. ಹಾಗಾಗಿ 1856ರ ಅಕ್ಷರವನ್ನು 1856–57 ಎಂದು ಓದಬೇಕು. ಬರ್ಮಿಂಗ್‌ಹ್ಯಾಮ್ ಮತ್ತು ಷೆಫೀಲ್ಡ್‌ಗೆ ಅವುಗಳದೇ ಬೇರೆ ಪಟ್ಟಿ. ಲಂಡನ್ನಿನ ಪಟ್ಟಿಯಲ್ಲಿ ಅವುಗಳನ್ನು ಹುಡುಕಬೇಡಿ.

ಮುದ್ರೆಗಳು ಸಾಮಾನ್ಯವಾಗಿ ಮುಚ್ಚಳದ ಹೊರ ಅಂಚಿನಲ್ಲೋ ಒಳಮೈಯಲ್ಲೋ ಇರುತ್ತವೆ. ಕೆತ್ತನೆಯ ಬಳ್ಳಿಗಳ ನಡುವೆ ಅವಿತಿರುವುದೂ ಉಂಟು. ಟಾರ್ಚನ್ನು ನೇರವಾಗಿ ಬಿಡದೆ ಪಕ್ಕದಿಂದ ಓರೆಯಾಗಿ ಹಿಡಿದರೆ ಎದ್ದು ಕಾಣುತ್ತವೆ.

ಮುಚ್ಚಳಗಳ ಮೇಲೆ ಸಿಂಹವೇ ಇಲ್ಲ. ಅಂದರೆ ಬೆಳ್ಳಿಯಲ್ಲವೇ?

ಬಹುತೇಕ ಲೇಪನವೇ. ಎಲ್ಕಿಂಗ್ಟನ್ ಕಂಪನಿ 1840ರಲ್ಲಿ ವಿದ್ಯುತ್ ಲೇಪನಕ್ಕೆ ಪೇಟೆಂಟ್ ಪಡೆದ ಮೇಲೆ ಮಧ್ಯಮ ದರ್ಜೆಯ ಪೆಟ್ಟಿಗೆಗಳೆಲ್ಲ ಲೇಪನದ ಮುಚ್ಚಳಗಳಲ್ಲೇ ಬಂದವು. ‘ಇಪಿಎನ್‌ಎಸ್’ ಎಂಬ ಅಕ್ಷರಗಳಿದ್ದರೆ ಅದು ನಿಕಲ್ ಮಿಶ್ರಲೋಹದ ಮೇಲಿನ ಬೆಳ್ಳಿ ಲೇಪ. ಏನೂ ಬರೆಯದೆ ಬಿಟ್ಟ ಲೇಪನವೂ ಬೇಕಾದಷ್ಟಿದೆ. ಸವೆಯುವ ಜಾಗಗಳನ್ನು, ಅಂದರೆ ಮುಚ್ಚಳದ ಮೇಲಂಚು ಹಾಗೂ ಕೆತ್ತನೆಯ ಉಬ್ಬುಗಳನ್ನು ನೋಡಿ: ಕೆಂಪು ಹಾಯ್ದರೆ ಒಳಗೆ ತಾಮ್ರ, ಹಳದಿ ಹಾಯ್ದರೆ ಹಿತ್ತಾಳೆ, ಮಂಕು ಬೂದಿ ಬಣ್ಣವಾದರೆ ನಿಕಲ್ ಮಿಶ್ರಲೋಹ.

ಆದರೂ ಒಂದು ಎಚ್ಚರಿಕೆ. ಸಣ್ಣ ಭಾಗಗಳಿಗೆ ಪೂರ್ತಿ ಮುದ್ರೆ ಹೊಡೆಯದೆ ಸಿಂಹ ಮತ್ತು ತಯಾರಕರ ಅಕ್ಷರ ಮಾತ್ರ ಹೊಡೆದಿರುವುದುಂಟು. ಒಂದು ಮುಚ್ಚಳದಲ್ಲಿ ವರ್ಷ ಕಾಣದ ಮಾತ್ರಕ್ಕೆ ಅದನ್ನು ಕಳ್ಳಮಾಲು ಎನ್ನಬೇಡಿ.

ಆಮ್ಲ ಹಾಕಿ ಪರೀಕ್ಷಿಸುವ ಆಸೆಯನ್ನು ಬಿಟ್ಟುಬಿಡಿ. ಚಿನ್ನದ ಮುಲಾಮಿರುವ ಬೆಳ್ಳಿಯ ಮೇಲೆ ಬಿದ್ದ ಒಂದು ಹನಿಯ ಕಲೆ ಶಾಶ್ವತ.

ಮುಚ್ಚಳಗಳಲ್ಲಿ ಎರಡು ಬೇರೆ ವರ್ಷಗಳಿವೆ. ಸೆಟ್ ಕೆಟ್ಟಿತೇ?

ಒಂದು ವರ್ಷದ ಅಂತರ ಸಹಜ. ಬೆಳ್ಳಿಗಾರರು ಮುಚ್ಚಳಗಳನ್ನು ಮೊದಲೇ ಮಾಡಿಟ್ಟಿರುತ್ತಿದ್ದರು. ಅಕ್ಷರ ಬದಲಾಗುವ ಹೊತ್ತಿನಲ್ಲಿ ಪೆಟ್ಟಿಗೆ ಕಟ್ಟಿದರೆ ಎರಡೂ ಸೇರಿಕೊಳ್ಳುತ್ತವೆ. ತಯಾರಕರ ಅಕ್ಷರ ಮತ್ತು ಕೆತ್ತನೆಯ ಕೈ ಒಂದೇ ಆಗಿದ್ದರೆ ಇದನ್ನು ದೋಷವೆಂದು ಎಣಿಸುವುದಿಲ್ಲ.

ಐದು ವರ್ಷದ ಅಂತರ, ಬೇರೆ ತಯಾರಕ, ಆದರೆ ಅದೇ ಹೆಸರಿನ ಅಕ್ಷರಗಳು? ಒಡೆದ ಸೀಸೆಯ ಬದಲಿಗೆ ಮೊದಲ ಮಾಲೀಕರೇ ಹೊಸದು ಮಾಡಿಸಿದ್ದಾರೆ ಎಂದರ್ಥ. ಬೆಲೆ ಸ್ವಲ್ಪ ಇಳಿಯುತ್ತದೆ, ಅಷ್ಟೆ. ಬೇರೆ ತಯಾರಕ, ಬೇರೆ ಊರು, ಬೇರೆ ಅಕ್ಷರಗಳು ಅಥವಾ ಅಕ್ಷರ ಕೆತ್ತಲು ಬಿಟ್ಟ ಜಾಗ ಖಾಲಿ ಇದ್ದರೆ ಅದು ಎರಡು ಮೂರು ಪೆಟ್ಟಿಗೆಗಳ ಅವಶೇಷಗಳನ್ನು ಕೂಡಿಸಿದ್ದು. ಇಂಥದ್ದನ್ನು ಕೂಡಿಸಿದ ಪೆಟ್ಟಿಗೆಯೆಂದೇ ಬೆಲೆ ಕಟ್ಟಬೇಕು.

ಗುಂಡಿಯೂ ಸಾಕ್ಷಿ ಹೇಳುತ್ತದೆ. ಮೂಲ ಸೀಸೆ ತನ್ನ ಗುಂಡಿಯಲ್ಲಿ ಅಲುಗಾಡದೆ, ಬಿಗಿಯೂ ಆಗದೆ ಕೂರುತ್ತದೆ. ಎಲ್ಲ ಮುಚ್ಚಳಗಳ ತಲೆ ಒಂದೇ ಮಟ್ಟಕ್ಕೆ ಬರುತ್ತದೆ. ಪೆಟ್ಟಿಗೆಯ ಅಂಚಿನ ಮೇಲೆ ನೇರ ಪಟ್ಟಿಯಿಟ್ಟು ನೋಡಿದರೆ ಎತ್ತರ ತಗ್ಗು ತಕ್ಷಣ ಗೊತ್ತಾಗುತ್ತದೆ. ಗುಂಡಿಯ ತಳದ ಮಖಮಲ್ಲಿನಲ್ಲಿ ದುಂಡು ಒತ್ತುಗುರುತು ಇದ್ದು ಮೇಲೆ ಚೌಕ ಸೀಸೆ ಕೂತಿದ್ದರೆ ಬೇರೆ ಸಾಕ್ಷಿ ಬೇಡ.

ಹೆಸರಿನ ಅಕ್ಷರಗಳ ಕೆತ್ತನೆ ಬೆಲೆ ಕಡಿಮೆ ಮಾಡುತ್ತದೆಯೇ?

ಚಮಚ, ತಟ್ಟೆಗಳಲ್ಲಿ ಮಾಡಬಹುದು; ಇಲ್ಲಿ ಅದೇ ಆಧಾರ. ಮುಚ್ಚಳದ ಹಿತ್ತಾಳೆ ಫಲಕದ ಮೇಲಿನ ಅಕ್ಷರಗಳೂ ಸೀಸೆಗಳ ಮೇಲಿನ ಅಕ್ಷರಗಳೂ ಒಂದೇ ಆಗಿದ್ದರೆ ಸೆಟ್ ಮೂಲದ್ದು ಎನ್ನಲು ಅದಕ್ಕಿಂತ ಬಲವಾದ ಪುರಾವೆ ಇಲ್ಲ. ಅಕ್ಷರ ಅಳಿಸಿ ಬೇರೆ ಕೆತ್ತಿದ್ದರೆ ಆ ಜಾಗ ತೆಳುವಾಗಿ ತುಸು ತಗ್ಗಾಗಿರುತ್ತದೆ. ಬಾಯಿಯಿಂದ ಹಬೆ ಊದಿ ನೋಡಿ. ಹಳೆಯ ಗೆರೆಗಳ ನೆರಳು ಒಂದು ಕ್ಷಣ ಕಾಣಿಸಿಕೊಳ್ಳುತ್ತದೆ.

ಅಕ್ಷರಗಳ ಮೇಲೆ ಸಣ್ಣ ಕಿರೀಟವಿದ್ದರೆ ಎಣಿಸಿ. ಇಂಗ್ಲಿಷ್ ಪದವಿಗಳ ಕಿರೀಟಗಳಲ್ಲಿ ಚಿತ್ರಕ್ಕೆ ಕಾಣುವ ಭಾಗ ಹೀಗಿರುತ್ತದೆ: ಬ್ಯಾರನ್‌ಗೆ 4 ಮುತ್ತು, ವೈಕೌಂಟ್‌ಗೆ 9, ಅರ್ಲ್‌ಗೆ ಎತ್ತರದ ಕಡ್ಡಿಗಳ ಮೇಲೆ 5 ಮುತ್ತು ಮತ್ತು ನಡುವೆ ಎಲೆಗಳು, ಮಾರ್ಕ್ವಿಸ್‌ಗೆ 3 ಎಲೆ ಮತ್ತು 2 ಮುತ್ತು, ಡ್ಯೂಕ್‌ಗೆ 5 ಎಲೆ. ಪದವಿ, ಮೊದಲಕ್ಷರ, ಬೆಳ್ಳಿಯ ವರ್ಷ ಮೂರೂ ಕೈಯಲ್ಲಿದ್ದರೆ ಮನೆತನ ಹುಡುಕುವುದು ಕಷ್ಟವಲ್ಲ. ಆದರೆ ಹೊಂದಿಕೆಯಾಗುವ ಒಂದು ಹೆಸರು ಸಿಕ್ಕ ಕೂಡಲೇ ಪೆಟ್ಟಿಗೆ ಅವರದೇ ಎನ್ನಲಾಗದು. ಮದುವೆಯ ದಿನಾಂಕ, ಮನೆತನದ ಲಾಂಛನ ಅಥವಾ ಒಳಗೆ ಉಳಿದ ಪತ್ರ ಅದಕ್ಕೆ ಒತ್ತಾಸೆಯಾಗಿ ನಿಲ್ಲಬೇಕು.

ಮರ ಯಾವುದೆಂದು ತಿಳಿಯುವುದು ಹೇಗೆ?

ಪೆಟ್ಟಿಗೆಯ ಒಡಲು ಸಾಮಾನ್ಯವಾಗಿ ಮಹಾಗನಿ ಅಥವಾ ಪೈನ್. ಹೊರಗೆ ಕಾಣುವುದು ಬೆಲೆಬಾಳುವ ಮರದ ತೆಳು ಪದರ, ಅಂದರೆ ವಿನೀರ್. ಡ್ರಾಯರಿನ ಬದಿ ನೋಡಿದರೆ ಒಡಲಿನ ಮರ ಗೊತ್ತಾಗುತ್ತದೆ.

ಎಲ್ಲಕ್ಕಿಂತ ಹೆಚ್ಚು ಬೇಡಿಕೆ ಕೋರಮಂಡಲ ಮರಕ್ಕೆ. ಕರಿಮರದ ಜಾತಿಯದು, ಕಡುಗಂದು-ಕಪ್ಪು ಮೈಯಲ್ಲಿ ತಿಳಿಗಂದು ಪಟ್ಟೆಗಳು ಹರಿದಿರುತ್ತವೆ. ಬ್ರೆಜಿಲ್‌ನ ಬೀಟೆ, ಇಂಗ್ಲಿಷರ ರೋಸ್‌ವುಡ್, ಕೆಂಗಂದು ಮೈಯಲ್ಲಿ ಕಪ್ಪು ಗೆರೆಗಳದ್ದು. ಬಿಸಿಲಿಗೆ ಬಣ್ಣ ಕಳೆದುಕೊಂಡು ಹೊರಗೆ ತಿಳಿಯಾಗುತ್ತದೆ, ಆದ್ದರಿಂದ ಮುಚ್ಚಳದ ಒಳ ಅಂಚನ್ನು ಹೊರಮೈಗೆ ಹೋಲಿಸಿ ನೋಡಿ. ವಾಲ್‌ನಟ್‌ನ ಗಂಟುಮರದಲ್ಲಿ ಸುಳಿಸುಳಿಯಾದ ಚುಕ್ಕಿ ಚಿತ್ತಾರ. ಮಹಾಗನಿ ಹೆಚ್ಚಾಗಿ ಮೊದಲ ಕಾಲದ ಗಂಡಸರ ಪೆಟ್ಟಿಗೆಗಳಲ್ಲಿ. ಬರೀ ಕಪ್ಪು ಬಣ್ಣ ಹಚ್ಚಿದ ಅಗ್ಗದ ಮರವನ್ನು ಕರಿಮರವೆಂದು ಮಾರಿದರೆ ಬೀಗದ ಹಿಂದಿನ ಅಥವಾ ಹಿಂಜಿನ ಕೆಳಗಿನ ಗೀರಿನಲ್ಲಿ ತಿಳಿಬಣ್ಣ ಹೊರಬೀಳುತ್ತದೆ.

ವಿನೀರಿನ ದಪ್ಪವೂ ಕಾಲ ಹೇಳುತ್ತದೆ. ಗರಗಸದಿಂದ ಕೊಯ್ದ ಹಳೆಯ ಪದರ ಒಂದು ಮಿಲಿಮೀಟರಿನ ಆಸುಪಾಸು ಇಲ್ಲವೇ ಅದಕ್ಕಿಂತ ದಪ್ಪ. ಯಂತ್ರದ ಅಲಗಿನಿಂದ ಸುಲಿದದ್ದು ಅದಕ್ಕಿಂತ ತೆಳ್ಳಗೆ. ತಿರುಪುಗಳನ್ನೂ ನೋಡಿ. ತುದಿ ಮೊಂಡಾಗಿ, ತಲೆಯ ಸೀಳು ನಡುವಿನಿಂದ ಸರಿದಿದ್ದರೆ ಅದು ಕೈಯಿಂದ ಮಾಡಿದ್ದು. ಮೊನಚು ತುದಿಯ ಯಂತ್ರದ ತಿರುಪುಗಳು 19ನೇ ಶತಮಾನದ ನಡುಭಾಗದ ನಂತರದವು. 1810ರದು ಎಂದು ಹೇಳುವ ಪೆಟ್ಟಿಗೆಯ ಹಿಂಜಿನಲ್ಲಿ ಮೊನಚು ತಿರುಪಿದ್ದರೆ ಕನಿಷ್ಠ ಒಮ್ಮೆ ಹಿಂಜು ಬಿಚ್ಚಿ ಹಾಕಿದ್ದಾರೆ.

ಆಕಾರ ನೋಡಿಯೇ ಅಂದಾಜು ಕಾಲ ಹೇಳಬಹುದೇ?

ಒರಟು ಅಂದಾಜು ಹೇಳಬಹುದು. 1830ಕ್ಕೆ ಮುಂಚೆ ಸರಳ, ಚೌಕಾಕಾರ, ಬದಿಗಳಲ್ಲಿ ಮೈಗೆ ಸಮನಾಗಿ ಕೂರುವ ಹಿತ್ತಾಳೆ ಹಿಡಿ, ಅಲಂಕಾರವಿಲ್ಲದ ಮುಚ್ಚಳ. 1830–50ರಲ್ಲಿ ಬೀಟೆಯ ಮೇಲೆ ಮುತ್ತಿನ ಚಿಪ್ಪಿನ ಕೂರಿಕೆ. 1850ರಿಂದ 1875ರವರೆಗೆ ಈ ಕಸುಬಿನ ಉಚ್ಛ್ರಾಯ ಕಾಲ: ಕೋರಮಂಡಲ, ಹಿತ್ತಾಳೆಯ ಅಂಚು, ಚಿನ್ನದ ಮುಲಾಮಿನ ಬೆಳ್ಳಿ, ಒಂದರ ಮೇಲೊಂದು ತೆರೆದುಕೊಳ್ಳುವ ಟ್ರೇಗಳು. ಆಮೇಲೆ ಚರ್ಮದ ಹಗುರ ಚೀಲಗಳು ಬಂದವು. ಆಳುಗಳು ಹೊರಲು ಇದ್ದಾಗ ಪೆಟ್ಟಿಗೆಯ ತೂಕ ಯಾರಿಗೂ ಲೆಕ್ಕಕ್ಕಿರಲಿಲ್ಲ. ತಾವೇ ಕೈಯಲ್ಲಿ ಹಿಡಿದು ರೈಲು ಹತ್ತುವಾಗ ಅದು ಲೆಕ್ಕಕ್ಕೆ ಬಂತು.

ಬೆಳ್ಳಿಯ ಮೇಲೆ ವಜ್ರಾಕಾರದ ನೋಂದಣಿ ಗುರುತಿದ್ದರೆ ಆ ವಿನ್ಯಾಸ ದಾಖಲಾದದ್ದು 1842 ಮತ್ತು 1883ರ ನಡುವೆ. ಆ ಗುರುತಿನೊಳಗಿನ ವರ್ಷದ ಅಕ್ಷರ 1867ರವರೆಗೆ ಮೇಲಿನ ಮೂಲೆಯಲ್ಲಿ, 1868ರಿಂದ ಬಲಮೂಲೆಯಲ್ಲಿ. 1884ರಿಂದ ಬರೀ ಸಂಖ್ಯೆ. ಇದು ವಿನ್ಯಾಸದ ದಿನಾಂಕ, ವಸ್ತುವಿನದಲ್ಲ.

ಬೀಗದ ಮೇಲೆ ಬ್ರಾಮಾ ಎಂದಿದೆ. ಬ್ರಾಮಾ ಪೆಟ್ಟಿಗೆ ಎನ್ನಬಹುದೇ?

ಬೇಡ. ಜೋಸೆಫ್ ಬ್ರಾಮಾ ಬೀಗದವರು; ಅವರ ಬೀಗವನ್ನು ಒಳ್ಳೆಯ ಪೆಟ್ಟಿಗೆಗಾರರೆಲ್ಲ ಕೊಂಡು ಹಾಕುತ್ತಿದ್ದರು. ಪೇಟೆಂಟ್ 1784ರದು. ಬೀಗದ ಕಣ್ಣು ದುಂಡಗೆ, ಕೀಲಿ ಸಣ್ಣ ಕೊಳವೆ, ತುದಿಯಲ್ಲಿ ಬೇರೆ ಬೇರೆ ಆಳದ ಸೀಳುಗಳು. ‘124 ಪಿಕಾಡಿಲಿ’ ಎಂಬ ವಿಳಾಸ ಹೊಡೆದಿರುತ್ತದೆ. ಇದನ್ನು ಕೀಲಿಯಿಲ್ಲದೆ ತೆರೆದವರಿಗೆ 200 ಗಿನಿ (ಹಳೆಯ ಇಂಗ್ಲಿಷ್ ಹಣ) ಬಹುಮಾನ ಎಂದು ಕಂಪನಿ ಅಂಗಡಿಯಲ್ಲಿ ಸವಾಲು ಹಾಕಿತ್ತು. ಲಂಡನ್ನಿನ 1851ರ ಮಹಾಪ್ರದರ್ಶನಕ್ಕೆ ಬಂದ ಅಮೆರಿಕದ ಬೀಗತಜ್ಞ ಹಾಬ್ಸ್ ದಿನಗಟ್ಟಲೆ ಕೂತು ಅದನ್ನು ತೆರೆದೇ ಬಿಟ್ಟರು. ಮನೆಯಲ್ಲಿ ಪಿನ್ನು ಹಾಕಿ ಅದನ್ನು ತೆರೆಯಲು ಹೋಗುವವರಿಗೆ ಇಷ್ಟು ಇತಿಹಾಸ ಸಾಕು.

ಮಾಮೂಲಿ ಬೀಗಗಳಲ್ಲಿ ಕಿರೀಟದ ಜೊತೆ ರಾಜರ ಅಕ್ಷರ ಇರುತ್ತದೆ: ‘ಜಿ ಆರ್’ ಎಂದರೆ ಜಾರ್ಜ್, ಈ ಪೆಟ್ಟಿಗೆಗಳ ಮಟ್ಟಿಗೆ 1830ರವರೆಗೆ, ‘ಡಬ್ಲ್ಯು ಆರ್’ 1830–37, ‘ವಿ ಆರ್’ 1837–1901. ಬೀಗ ಬದಲಾಗಿದೆಯೇ ಎಂದು ತಿಳಿಯಲು ಬೀಗದ ತಗಡಿನ ಸುತ್ತಲಿನ ಮರ ನೋಡಿ. ತಗಡಿಗೂ ಮರಕ್ಕೂ ನಡುವೆ ಸಂದಿ, ತುಂಬಿದ ಹಳೆಯ ತಿರುಪು ತೂತು ಇದ್ದರೆ ಬದಲಾಗಿದೆ.

ಕೀಲಿ ಕಳೆದಿದ್ದರೆ ಹಳೆಯ ಬೀಗ ಬಲ್ಲವರಿಂದ ಹೊಸ ಕೀಲಿ ಮಾಡಿಸಿ. ಅದರ ಖರ್ಚು, ಮುಚ್ಚಳ ಮೀಟಿ ಸೀಳಿದ ಅಂಚಿನ ನಷ್ಟಕ್ಕಿಂತ ಯಾವತ್ತೂ ಕಡಿಮೆಯೇ.

ಒಡವೆ ಡ್ರಾಯರ್ ತೆರೆಯುತ್ತಿಲ್ಲ. ಏನು ಮಾಡಲಿ?

ಅದಕ್ಕೆ ಹಿಡಿ ಇರುವುದಿಲ್ಲ, ಹೊರಗಿನಿಂದ ತೆರೆಯುವುದೂ ಇಲ್ಲ. ಪೆಟ್ಟಿಗೆಯೊಳಗಿನ ಒತ್ತುಗುಂಡಿ (ಬಟನ್) ಒತ್ತಿದರೆ ಸ್ಪ್ರಿಂಗ್ ಅದನ್ನು ಹೊರಕ್ಕೆ ತಳ್ಳಬೇಕು.

1. ಸೀಸೆಗಳನ್ನೂ ಟ್ರೇಯನ್ನೂ ಪೂರ್ತಿ ಹೊರಗಿಡಿ.
2. ಮುಂದಿನ ಅಂಚಿನ ಮೇಲ್ಮೈಯನ್ನು, ಬೀಗದ ಎರಡೂ ಪಕ್ಕ ಮತ್ತು ಮೂಲೆಗಳಲ್ಲಿ, ಬೆರಳಿನಿಂದ ಸವರಿ. ಕಡಲೆಕಾಳಿಗಿಂತ ಸಣ್ಣ ಹಿತ್ತಾಳೆ ಗುಂಡಿ ಇದ್ದೀತು. ಕೆಲವದರಲ್ಲಿ ಅದೊಂದು ಪಿನ್ನು: ಕೆಳಗೆ ಒತ್ತಿದರೆ ಬೀಗ, ಮೇಲಕ್ಕೆತ್ತಿದರೆ ಬಿಡುಗಡೆ.
3. ಗುಂಡಿಯನ್ನು ಒತ್ತಿ ಹಿಡಿದುಕೊಂಡೇ ಪೆಟ್ಟಿಗೆಯನ್ನು ಡ್ರಾಯರಿನ ಕಡೆಗೆ ತುಸು ಬಾಗಿಸಿ, ಎದುರು ಬದಿಯನ್ನು ಅಂಗೈಯಿಂದ ಮೆಲ್ಲಗೆ ತಟ್ಟಿ.
4. ಬರದಿದ್ದರೆ ನಿಲ್ಲಿಸಿ.

ಕಾರಣ ಸಾಮಾನ್ಯವಾಗಿ ಎರಡೇ: ಸ್ಪ್ರಿಂಗ್ ತುಕ್ಕು ಹಿಡಿದು ಬಲ ಕಳೆದುಕೊಂಡಿದೆ, ಇಲ್ಲವೇ ತೇವಕ್ಕೆ ಮರ ಉಬ್ಬಿದೆ. ಉಬ್ಬಿದ್ದಾದರೆ ಒಣ ಕೋಣೆಯಲ್ಲಿ ಒಂದೆರಡು ವಾರ ಬಿಟ್ಟರೆ ತಾನೇ ಸಡಿಲವಾಗುತ್ತದೆ. ಹೀಟರ್ ಮುಂದಿಟ್ಟರೆ ವಿನೀರ್ ಏಳುತ್ತದೆ. ಚಾಕು ತೂರಿಸಿದರೆ ಡ್ರಾಯರಿನ ಮೇಲಂಚಿನ ವಿನೀರ್ ಚಕ್ಕೆ ಏಳುತ್ತದೆ. ಎಷ್ಟೋ ಪೆಟ್ಟಿಗೆಗಳಲ್ಲಿ ಸರಿಯಾಗಿ ಅದೇ ಜಾಗದಲ್ಲಿ ಗಾಯ ಇರುವುದು ಇದರಿಂದಲೇ.

ಕನ್ನಡಿಯನ್ನೂ ಹೊರತೆಗೆದು ನೋಡಿ. ಅದರ ಹಿಂದೆ ಪತ್ರ ಇಡುವ ಚರ್ಮದ ಮಡಿಕೆ ಇರುತ್ತದೆ, ಮೂಲ ಬಿಲ್ಲು ಕೆಲವೊಮ್ಮೆ ಅಲ್ಲೇ ಉಳಿದಿರುತ್ತದೆ.

ಯಾವ ಹೆಸರುಗಳಿಗೆ ಹೆಚ್ಚು ಬೆಲೆ?

ಹೆಸರು ಹುಡುಕಬೇಕಾದ ಜಾಗ ಬೀಗದ ತಗಡು, ಚರ್ಮದ ಅಂಚಿನ ಚಿನ್ನದ ಅಚ್ಚು, ಡ್ರಾಯರಿನ ಒಳತಳ. ಲಂಡನ್ನಿನ ಆಸ್ಪ್ರೆ 1781ರಲ್ಲಿ ಶುರುವಾದದ್ದು, 1840ರ ದಶಕದಲ್ಲಿ ನ್ಯೂ ಬಾಂಡ್ ಸ್ಟ್ರೀಟಿಗೆ ಬಂತು, 1862ರ ಅಂತರರಾಷ್ಟ್ರೀಯ ಪ್ರದರ್ಶನದಲ್ಲಿ ಡ್ರೆಸ್ಸಿಂಗ್ ಕೇಸಿಗೆ ಪದಕ ಗೆದ್ದಿತು. ಪಿಕಾಡಿಲಿಯ ಲ್ಯೂಕರ್ಸ್, ಸೇಂಟ್ ಜೇಮ್ಸ್ ಸ್ಟ್ರೀಟಿನ ಜೆನ್ನರ್ ಅಂಡ್ ನ್ಯೂಸ್ಟಬ್, ಹಾಲ್ಬರ್ನಿನ ಎಡ್ವರ್ಡ್ಸ್, ರೀಜೆಂಟ್ ಸ್ಟ್ರೀಟಿನ ಹಾಲ್‌ಸ್ಟಾಫ್ ಅಂಡ್ ಹ್ಯಾನಫರ್ಡ್ ಮೇಲಿನ ದರ್ಜೆಯವರು. ಲೆಡನ್‌ಹಾಲ್ ಸ್ಟ್ರೀಟಿನ 4ನೇ ನಂಬರಿನ ಮೆಕಿ ಕ್ಷೌರಕತ್ತಿಯ ಪಟ್ಟಿ ಮಾರಿ ಹಣ ಮಾಡಿ, ಟಿಪ್‌ಟ್ರಿಯ ಹೊಲದಲ್ಲಿ ಹೊಸ ಬೇಸಾಯದ ಪ್ರಯೋಗಕ್ಕೆ ಇಳಿದವರು. ಅವರ ಹೆಸರಿನ ಜೊತೆ ಬಾಜಿನ್ ಎಂದೂ ಇದ್ದರೆ ಪೆಟ್ಟಿಗೆ ಅವರ ವ್ಯಾಪಾರದ ಕೊನೆಯ ಭಾಗದ್ದು. ಪೆಂಟನ್‌ವಿಲ್ ರೋಡಿನ ಬೆಟ್ಜಮನ್ ಅಂಗಡಿಗಳಿಗೆ ಮಾಡಿಕೊಡುತ್ತಿದ್ದ ಕಾರ್ಖಾನೆ. ಹಾಗಾಗಿ ಅವರ ಕೆಲಸದ ಮೇಲೆ ಬೇರೆಯವರ ಹೆಸರು ಕಾಣುವುದು ವಿಚಿತ್ರವಲ್ಲ.

ಬೆಳ್ಳಿಯ ಮೇಲಿನ ಅಕ್ಷರ ಬೆಳ್ಳಿಗಾರರದು, ಚರ್ಮದ ಮೇಲಿನ ಹೆಸರು ಮಾರಿದವರದು. ಎರಡೂ ಬೇರೆ ಇರುವುದೇ ಸರಿ.

ಫ್ರೆಂಚ್ ಪೆಟ್ಟಿಗೆಯಾದರೆ?

ಲೆಕ್ಕಾಚಾರ ಒಂದೇ, ಮುದ್ರೆ ಬೇರೆ. 1838ರಿಂದ ದೊಡ್ಡ ವಸ್ತುಗಳಿಗೆ ಮಿನರ್ವಾ ದೇವತೆಯ ತಲೆ. ಅದರ ಪಕ್ಕ 1 ಎಂದಿದ್ದರೆ 950, 2 ಎಂದಿದ್ದರೆ 800 ಶುದ್ಧತೆ. ಸಣ್ಣ ವಸ್ತುಗಳಿಗೆ ಪ್ಯಾರಿಸ್‌ನಲ್ಲಿ ಕಾಡುಹಂದಿಯ ತಲೆ, ಬೇರೆ ಊರುಗಳಲ್ಲಿ ಏಡಿ. ತಯಾರಕರ ಅಕ್ಷರ ವಜ್ರಾಕಾರದ ಚೌಕಟ್ಟಿನಲ್ಲಿರುತ್ತದೆ. ಇಂಗ್ಲಿಷಿನ ಹಾಗೆ ವರ್ಷದ ಅಕ್ಷರ ಸಿಗುವುದಿಲ್ಲವಾದ್ದರಿಂದ ತಯಾರಕರ ಕಾಲವೇ ಆಧಾರ. ನೆಪೋಲಿಯನ್‌ಗೆ ಪ್ರಯಾಣದ ಪೆಟ್ಟಿಗೆ ಮಾಡಿಕೊಟ್ಟ ಬಿಯೆನೆ, ನಂತರದ ಒಕೊಕ್ ಮತ್ತು ತಹಾನ್ ಹೆಸರುಗಳನ್ನು ಹುಡುಕಿ.

ಹಿಡಿಗಳು ದಂತದವೋ, ಮೂಳೆಯವೋ? ಮಾರಲು ಅಡ್ಡಿಯಿದೆಯೇ?

ಆನೆ ದಂತದ ಅಡ್ಡಕೊಯ್ತದಲ್ಲಿ ಒಂದನ್ನೊಂದು ಹಾಯುವ ಬಾಗಿದ ಗೆರೆಗಳ ಜಾಲ ಕಾಣುತ್ತದೆ. ಮೂಳೆಯಲ್ಲಿ ಸಣ್ಣ ಕಪ್ಪು ಚುಕ್ಕಿ, ಗೀರುಗಳು. ಸೆಲ್ಯುಲಾಯ್ಡ್‌ನಲ್ಲಿ ಗೆರೆಗಳು ತೀರ ಸಮಾಂತರ, ತಿಕ್ಕಿದರೆ ಕರ್ಪೂರದ ವಾಸನೆ. ಕಾದ ಸೂಜಿ ಚುಚ್ಚುವ ಪರೀಕ್ಷೆ ಮಾಡಬೇಡಿ, ಸೆಲ್ಯುಲಾಯ್ಡ್ ಭಗ್ಗನೆ ಹೊತ್ತಿಕೊಳ್ಳುತ್ತದೆ. ಉಪಕರಣಗಳ ಹಿಡಿ ಹೆಚ್ಚಾಗಿ ಮುತ್ತಿನ ಚಿಪ್ಪು. ತುಟಿಗೆ ತಾಗಿಸಿದರೆ ತಣ್ಣಗಿರುತ್ತದೆ, ಪ್ಲಾಸ್ಟಿಕ್ ಹಾಗಿರುವುದಿಲ್ಲ.

ಬ್ರಿಟನ್ನಿನಲ್ಲಿ 2018ರ ದಂತ ಕಾಯ್ದೆ 2022ರ ಜೂನ್ 6ರಿಂದ ಜಾರಿಯಲ್ಲಿದೆ. ವಸ್ತು 1947ರ ಮಾರ್ಚ್ 3ಕ್ಕೆ ಮುಂಚಿನದಾಗಿದ್ದು, ದಂತ ಅದರ ಗಾತ್ರದ ಶೇ. 10ಕ್ಕಿಂತ ಕಡಿಮೆಯಿದ್ದು, ಸುಲಭವಾಗಿ ಬೇರ್ಪಡಿಸಲಾಗದಂತೆ ಅಂಟಿಕೊಂಡಿದ್ದರೆ ನೋಂದಣಿ ಮಾಡಿಸಿ ಮಾರಬಹುದು. ಇಲ್ಲೇ ಡ್ರೆಸ್ಸಿಂಗ್ ಕೇಸಿನವರು ಸಿಕ್ಕಿಬೀಳುವುದು: ಮರದಲ್ಲಿ ಕೂರಿಸಿದ ದಂತದ ಫಲಕ ಪೆಟ್ಟಿಗೆಯ ಭಾಗ, ಆದರೆ ಸುಮ್ಮನೆ ಎತ್ತಿಡಬಹುದಾದ ದಂತದ ಬೆನ್ನಿನ ಬ್ರಷ್ಷು ಪ್ರತ್ಯೇಕ ವಸ್ತು. ಅದು ಪೆಟ್ಟಿಗೆಯ ಶೇ. 10ರ ಲೆಕ್ಕದಲ್ಲಿ ತೂರಿಕೊಳ್ಳುವುದಿಲ್ಲ. ಆಮೆಚಿಪ್ಪು, ಬ್ರೆಜಿಲ್ ಬೀಟೆ ಇರುವ ಪೆಟ್ಟಿಗೆಯನ್ನು ದೇಶ ದಾಟಿಸುವ ಮುನ್ನ ವನ್ಯಜೀವಿ ವ್ಯಾಪಾರದ ಸೈಟಿಸ್ ಪರವಾನಗಿಯ ವಿಚಾರ ಕೇಳಿಕೊಳ್ಳಿ.

ಕನ್ನಡಿ ಚುಕ್ಕಿಯಾಗಿದೆ, ಅಸ್ತರು ಹರಿದಿದೆ. ಬದಲಿಸಲೇ?

ಎರಡನ್ನೂ ಬಿಡಿ. ಹಳೆಯ ಕನ್ನಡಿಯ ಹಿಂಬದಿ ತವರ ಮತ್ತು ಪಾದರಸದ ಮಿಶ್ರಣ. ಬಿಂಬ ತುಸು ಬೂದಿಯಾಗಿ, ಚುಕ್ಕಿಗಳು ಮಿಣಮಿಣ ಹೊಳೆಯುವಂತೆ ಕಾಣುತ್ತವೆ. ಅದು ಮೂಲದ್ದೆಂಬುದಕ್ಕೆ ಸಾಕ್ಷಿ. ಅಂಚಿನಲ್ಲಿ ಪಾದರಸದ ಹನಿ ಕಂಡರೆ ಬರಿಗೈಯಲ್ಲಿ ಒರೆಸಬೇಡಿ, ವ್ಯಾಕ್ಯೂಮ್ ಕ್ಲೀನರ್ ಅಂತೂ ಹತ್ತಿರ ತರಬೇಡಿ, ಅದು ಪಾದರಸದ ಆವಿಯನ್ನು ಕೋಣೆಗೆಲ್ಲ ಹರಡುತ್ತದೆ.

ಮಸುಕಾದ ಮೂಲ ಮಖಮಲ್ಲು ಹೊಳೆಯುವ ಹೊಸ ಬಟ್ಟೆಗಿಂತ ಹೆಚ್ಚು ಬೆಲೆ ತರುತ್ತದೆ. ಗಾಢ ನೇರಳೆ ಅಸ್ತರಿಗೂ ಒಂದು ಸುಳಿವಿದೆ: ಇಂಗ್ಲೆಂಡಿನ ರಸಾಯನಶಾಸ್ತ್ರಜ್ಞ ಪರ್ಕಿನ್ 1856ರಲ್ಲಿ ಕೃತಕ ನೇರಳೆ ಬಣ್ಣ ಕಂಡುಹಿಡಿದ ಮೇಲೆ ಅದು ಹುಚ್ಚೆದ್ದು ಹರಡಿತು. 1820ರ ಪೆಟ್ಟಿಗೆಯಲ್ಲಿ ಕಣ್ಣು ಕುಕ್ಕುವ ನೇರಳೆ ಕಂಡರೆ ಅಸ್ತರನ್ನು ಅನುಮಾನಿಸಿ.

ಶುಚಿ ಮಾಡುವಾಗ ಏನು ಕೆಡುತ್ತದೆ?

ಮುಖ್ಯವಾಗಿ ಸೀಸೆಯ ಕೊರಳು. ಬೆಳ್ಳಿಯ ಪಟ್ಟಿಯನ್ನು ಗಾಜಿಗೆ ಕೂರಿಸಲು ಒಳಗೆ ಪ್ಲಾಸ್ಟರ್ ತುಂಬಿರುತ್ತಾರೆ. ಸೀಸೆಯನ್ನು ನೀರಿನಲ್ಲಿ ಮುಳುಗಿಸಿಟ್ಟರೆ ಅದು ಕರಗಿ ಪಟ್ಟಿ ಕಳಚುತ್ತದೆ. ಒಳಗಿನ ಗಾಜಿನ ಬಿರಡೆ ಸಿಕ್ಕಿಕೊಂಡಿದ್ದರೆ ಕೊರಳಿನ ಸುತ್ತ ಒಂದು ಹನಿ ತೆಳು ಎಣ್ಣೆ ಬಿಟ್ಟು ಒಂದು ದಿನ ಕಾಯಿರಿ, ಆಮೇಲೆ ಮರದ ಚಮಚದಿಂದ ಎರಡೂ ಪಕ್ಕ ಸರದಿಯಂತೆ ಹಗುರವಾಗಿ ತಟ್ಟಿ. ಬಿಸಿನೀರು ಸುರಿದರೆ ಗಾಜು ಸೀಳುತ್ತದೆ.

ಚಿನ್ನದ ಮುಲಾಮಿನ ಬೆಳ್ಳಿಗೆ ಪಾಲಿಶ್ ಬೇಡ, ಮೆದು ಬಟ್ಟೆ ಸಾಕು. ಹಿತ್ತಾಳೆ ಅಂಚಿಗೆ ಪಾಲಿಶ್ ಹಚ್ಚಿದರೆ ಪಕ್ಕದ ಮರದ ಸಂದಿಯಲ್ಲಿ ಬಿಳಿಪುಡಿ ಕೂತು ಬಿಡುತ್ತದೆ, ತೆಗೆಯುವುದು ಯಮಯಾತನೆ.

ಕೊನೆಗೂ ಬೆಲೆ ಕಟ್ಟುವುದು ಹೇಗೆ?

ತಳಮಟ್ಟ ಬೆಳ್ಳಿಯ ತೂಕ. ಗಾಜಿನಿಂದ ಪೂರ್ತಿ ಬಿಡಿಯಾಗುವ ಮುಚ್ಚಳಗಳನ್ನು ಮಾತ್ರ ತೂಗಿ. 12 ಮುಚ್ಚಳ ಸೇರಿ 400 ಗ್ರಾಂ ಬಂತೆನ್ನಿ. ಟ್ರಾಯ್ ಔನ್ಸ್ ಎಂದರೆ 31.1 ಗ್ರಾಂ, ಹಾಗಾಗಿ ಒಟ್ಟು 12.86 ಔನ್ಸ್, ಅದನ್ನು 0.925ರಿಂದ ಗುಣಿಸಿದರೆ 11.9 ಔನ್ಸ್ ಶುದ್ಧ ಬೆಳ್ಳಿ. ಆ ದಿನದ ದರದಿಂದ ಗುಣಿಸಿ. ಬ್ರಷ್ಷಿನ ಬೆನ್ನು ತೆಳು ತಗಡು, ಒಳಗೆ ಮರ ಅಥವಾ ರಾಳ. ಅದನ್ನು ಲೆಕ್ಕಕ್ಕೆ ಸೇರಿಸಬೇಡಿ. ಪೂರ್ತಿ ಸೆಟ್ಟಿನ ಬೆಲೆ ಈ ಅಂಕಿಗಿಂತ ಬಹಳ ಮೇಲಿರಬೇಕು. ಕರಗಿಸುವ ಬೆಲೆಗೇ ಕೇಳುವವರಿಗೆ ಒಂದೆರಡು ಮುಚ್ಚಳವನ್ನೂ ಬಿಡಿಯಾಗಿ ಕೊಡಬೇಡಿ, ಉಳಿದದ್ದು ಆ ಕ್ಷಣದಿಂದ ಅಪೂರ್ಣ ಸೆಟ್.

ಆಮೇಲೆ ಏರಿಸುವ ಇಳಿಸುವ ಅಂಶಗಳು, ತೂಕದ ಕ್ರಮದಲ್ಲಿ: ಸೆಟ್ ಮೂಲದ್ದೇ, ಪೂರ್ತಿಯೇ, ಬೆಳ್ಳಿಯೋ ಲೇಪನವೋ, ಹೆಸರಾಂತ ಅಂಗಡಿ, ಮರ, ಯಾಂತ್ರಿಕ ಚಮತ್ಕಾರ ಕೆಲಸ ಮಾಡುತ್ತದೆಯೇ, ಮಾಲೀಕರು ಯಾರು. ಮಾಲೀಕರು ಖ್ಯಾತರೆಂದು ದಾಖಲೆಯಿದ್ದರೆ ಈ ಕ್ರಮವೆಲ್ಲ ತಲೆಕೆಳಗು.

ಹೋಲಿಸುವಾಗ ಅಂಗಡಿಗಳು ಕೇಳುತ್ತಿರುವ ಬೆಲೆ ನೋಡಬೇಡಿ. ಹರಾಜಿನಲ್ಲಿ ನಿಜಕ್ಕೂ ಮಾರಾಟವಾದ ಬೆಲೆ ನೋಡಿ. ಅಲ್ಲೂ ಸುತ್ತಿಗೆ ಬಿದ್ದ ಬೆಲೆ ಬೇರೆ, ಕೊಂಡವರು ತೆತ್ತದ್ದು ಬೇರೆ: ಬ್ರಿಟನ್ನಿನ ಹರಾಜು ಮನೆಗಳು ಅದರ ಮೇಲೆ ಸಾಮಾನ್ಯವಾಗಿ ಶೇ. 20ರಿಂದ 30ರವರೆಗೆ ಕೊಳ್ಳುವವರ ಶುಲ್ಕ ಹಾಕುತ್ತವೆ, ಆ ಶುಲ್ಕದ ಮೇಲೆ ಶೇ. 20 ವ್ಯಾಟ್. 1,000 ಪೌಂಡಿಗೆ ಸುತ್ತಿಗೆ ಬಿದ್ದು ಶುಲ್ಕ ಶೇ. 25 ಆದರೆ ಕೊಂಡವರು ಕೊಡುವುದು 1,300. ಮಾರಿದವರಿಗೆ ಸಿಗುವುದು 1,000ದಲ್ಲಿ ಕಮಿಷನ್ ಕಳೆದು ಉಳಿದದ್ದು.

ಒಂದು ಸೀಸೆ ಇಲ್ಲ. ಬೇರೆಯದು ತಂದು ತುಂಬಿಸಲೇ?

ಮಾರುವುದಾದರೆ ಖಾಲಿ ಬಿಡಿ. ಖಾಲಿ ಗುಂಡಿಯನ್ನು ಕೊಳ್ಳುವವರು ಕ್ಷಮಿಸುತ್ತಾರೆ. ಹೊಂದದ ಸೀಸೆ ಕಂಡರೆ ಉಳಿದ ಹನ್ನೊಂದನ್ನೂ ಅನುಮಾನಿಸುತ್ತಾರೆ. ಇಟ್ಟುಕೊಳ್ಳುವುದಾದರೆ ಅದೇ ತಯಾರಕರ, ಅದೇ ವರ್ಷದ ಬಿಡಿ ಸೀಸೆಗೆ ಕಾಯಬಹುದು. ಗುಂಡಿಯ ಉದ್ದ, ಅಗಲ, ಆಳವನ್ನು ಮಿಲಿಮೀಟರಿನಲ್ಲಿ ಬರೆದಿಟ್ಟುಕೊಂಡಿರಿ.

ಫೋಟೊ ನೋಡಿ ಬೆಲೆ ಹೇಳಲು ತಜ್ಞರಿಗೆ ಏನೇನು ಕಳಿಸಬೇಕು?

ಮುಚ್ಚಿದ ಪೆಟ್ಟಿಗೆ ಮುಂದಿನಿಂದ, ತೆರೆದ ಪೆಟ್ಟಿಗೆ ಮೇಲಿನಿಂದ, ಡ್ರಾಯರ್ ಹೊರಬಂದಂತೆ, ಬೀಗದ ತಗಡು, ಚರ್ಮದ ಮೇಲಿನ ಹೆಸರು, ಎಲ್ಲ ಮುಚ್ಚಳಗಳ ತಲೆ ಒಂದೇ ಚಿತ್ರದಲ್ಲಿ, ಪ್ರತಿ ಮುಚ್ಚಳದ ಮುದ್ರೆ ಪ್ರತ್ಯೇಕ, ಪ್ರತಿ ಗಾಯ ಹತ್ತಿರದಿಂದ. ಜೊತೆಗೆ ಮೂರು ಅಳತೆ, ಬಿಡಿ ಮುಚ್ಚಳಗಳ ತೂಕ, ಮೊದಲು ಹೇಳಿದ ನಾಲ್ಕು ಕಾಲಮ್ಮಿನ ಪಟ್ಟಿ. ಬೆಲೆ ಯಾವುದಕ್ಕೆ ಬೇಕೆಂದೂ ಬರೆಯಿರಿ: ವಿಮೆಗಾದರೆ ಅಂಥದ್ದನ್ನೇ ಅಂಗಡಿಯಲ್ಲಿ ಕೊಳ್ಳಲು ಬೇಕಾಗುವ ಮೊತ್ತ, ಮಾರಾಟಕ್ಕಾದರೆ ಹರಾಜಿನ ಅಂದಾಜು. ಒಂದೇ ಪೆಟ್ಟಿಗೆಗೆ ವಿಮೆಯ ಮೊತ್ತ ಹರಾಜಿನ ಅಂದಾಜಿನ ಎರಡು ಪಟ್ಟಿದ್ದರೂ ಎರಡೂ ಸರಿಯೇ ಇರಬಹುದು.